‘ಸಾಫ್ಟ್‌ವೇರ್ ಪೇಟೆಂಟ್’ ಎನ್ನಬೇಕೋ, ‘ಕಂಪ್ಯೂಟರ್-ಅನುಷ್ಠಾನಿತ ಆವಿಷ್ಕಾರ’ ಎನ್ನಬೇಕೋ? ಯುರೋಪಿನ ವಿವಾದದ ಬಗ್ಗೆ ಒಂದು ಪ್ರಶ್ನೆ

ಬಸವನಗುಡಿ_ಓದುಗ

ಎಲ್ಲರಿಗೂ ನಮಸ್ಕಾರ. ನಾನು ಸಾಫ್ಟ್‌ವೇರ್ ಕಂಪನಿಯೊಂದರ ಉದ್ಯೋಗಿ, ಕಾನೂನು ಓದಿದವನಲ್ಲ. ನಮ್ಮ ತಂಡ ಬರೆದ ಪ್ರೋಗ್ರಾಮೊಂದಕ್ಕೆ ಯುರೋಪಿನಲ್ಲಿ ಪೇಟೆಂಟ್ ಅರ್ಜಿ ಹಾಕುವಾಗ, ನಾನು ‘ಪ್ರೋಗ್ರಾಮ್’ ಎಂದು ಬರೆದಿದ್ದ ಕಡೆಗಳಲ್ಲೆಲ್ಲ ವಕೀಲರು ‘ಸಾಧನ’, ‘ವಿಧಾನ’, ‘ವ್ಯವಸ್ಥೆ’ ಎಂದು ತಿದ್ದಿದರು. ಕೋಡಿನ ಒಂದು ಸಾಲೂ ಬದಲಾಗಿರಲಿಲ್ಲ. ಕಾರಣ ಹುಡುಕುತ್ತ ಹೋದಾಗ, ಐರೋಪ್ಯ ಒಕ್ಕೂಟದಲ್ಲಿ 2002ರಿಂದ 2005ರವರೆಗೆ ನಡೆದ ದೊಡ್ಡ ವಿವಾದವೊಂದು ಕಣ್ಣಿಗೆ ಬಿತ್ತು. ಅದರಲ್ಲಿ ಒಂದು ಪಕ್ಷದವರು ‘ಸಾಫ್ಟ್‌ವೇರ್ ಪೇಟೆಂಟ್’ ಎಂದೇ ಹೇಳುತ್ತಾರೆ. ಇನ್ನೊಂದು ಪಕ್ಷದವರು ಆ ಮಾತನ್ನು ಅಪ್ಪಿತಪ್ಪಿಯೂ ಆಡದೆ ‘ಕಂಪ್ಯೂಟರ್-ಅನುಷ್ಠಾನಿತ ಆವಿಷ್ಕಾರ’ ಎನ್ನುತ್ತಾರೆ. ಇವು ಒಂದೇ ವಸ್ತುವಿನ ಎರಡು ಹೆಸರುಗಳೇ, ಅಥವಾ ಹೆಸರಿನ ಜೊತೆಗೆ ಕಾನೂನೂ ಬದಲಾಗುತ್ತದೆಯೇ? ಬಲ್ಲವರು ತಿಳಿಸಬೇಕು.

ಅರ್ಜಿ_ಬರೆಯುವವಳು

ನಾನು ಪೇಟೆಂಟ್ ಏಜೆಂಟ್. ನಿಮ್ಮ ವಕೀಲರು ಮಾಡಿದ್ದನ್ನು ನಾನೂ ಪ್ರತಿ ವಾರ ಮಾಡುತ್ತೇನೆ.

ಇದರ ಮೂಲ 1973ರ ಅಕ್ಟೋಬರ್ 5ರಂದು ಮ್ಯೂನಿಕ್‌ನಲ್ಲಿ ಸಹಿಯಾದ ಯುರೋಪಿಯನ್ ಪೇಟೆಂಟ್ ಒಪ್ಪಂದದಲ್ಲಿದೆ. ಅದರ 52ನೇ ವಿಧಿಯ ಎರಡನೇ ಉಪವಿಧಿಯು ಯಾವುದನ್ನು ಆವಿಷ್ಕಾರವೆಂದು ಎಣಿಸಬಾರದು ಎಂಬುದನ್ನು ಪಟ್ಟಿ ಮಾಡುತ್ತದೆ. ವೈಜ್ಞಾನಿಕ ಶೋಧಗಳು, ಗಣಿತದ ವಿಧಾನಗಳು, ಕಲಾಕೃತಿಗಳು, ಆಟ ಆಡುವ ಮತ್ತು ವ್ಯಾಪಾರ ನಡೆಸುವ ಕ್ರಮಗಳು, ಮಾಹಿತಿಯ ಮಂಡನೆ ಇವುಗಳ ಸಾಲಿನಲ್ಲಿ ಕಂಪ್ಯೂಟರ್ ಪ್ರೋಗ್ರಾಮ್ ಕೂಡ ಇದೆ. ಅಲ್ಲಿಗೆ ನಿಂತಿದ್ದರೆ ನಮ್ಮಂಥವರಿಗೆ ಕೆಲಸ ಕಡಿಮೆಯಾಗುತ್ತಿತ್ತು. ಆದರೆ ಮೂರನೇ ಉಪವಿಧಿಯು, ಅರ್ಜಿ ಇಂಥ ವಿಷಯಕ್ಕೆ ‘ತನ್ನಷ್ಟಕ್ಕೆ’ (ಇಂಗ್ಲಿಷಿನಲ್ಲಿ ‘ಆಸ್ ಸಚ್’) ಸಂಬಂಧಿಸಿದ ಮಟ್ಟಿಗೆ ಮಾತ್ರ ಈ ನಿಷೇಧ ಅನ್ವಯಿಸುತ್ತದೆ ಎನ್ನುತ್ತದೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು ಇದು. ‘ತನ್ನಷ್ಟಕ್ಕೆ ಪ್ರೋಗ್ರಾಮ್’ ಎಂದರೇನು, ‘ತನ್ನಷ್ಟಕ್ಕಲ್ಲದ ಪ್ರೋಗ್ರಾಮ್’ ಎಂದರೇನು ಎಂಬುದನ್ನು ಒಪ್ಪಂದ ಎಲ್ಲಿಯೂ ಹೇಳುವುದಿಲ್ಲ.

ಆ ಖಾಲಿ ಜಾಗವನ್ನು ಈ ಒಪ್ಪಂದದಿಂದಲೇ ಹುಟ್ಟಿದ ಯುರೋಪಿಯನ್ ಪೇಟೆಂಟ್ ಕಚೇರಿಯ ಮೇಲ್ಮನವಿ ಮಂಡಳಿಗಳು ತುಂಬಿದವು. 1986ರ ವೈಕಾಮ್ ತೀರ್ಪು, ಡಿಜಿಟಲ್ ಚಿತ್ರವನ್ನು ಸಂಸ್ಕರಿಸುವ ವಿಧಾನವು ಬರೀ ಗಣಿತವಲ್ಲ, ತಾಂತ್ರಿಕ ಪ್ರಕ್ರಿಯೆ ಎಂದಿತು. 1998ರ ಐಬಿಎಂ ತೀರ್ಪು ಇನ್ನೂ ಮುಂದೆ ಹೋಗಿ, ಪ್ರೋಗ್ರಾಮ್ ಓಡುವಾಗ ಕಂಪ್ಯೂಟರಿನಲ್ಲಿ ಸಹಜವಾಗಿ ನಡೆಯುವ ವಿದ್ಯುತ್ ವ್ಯವಹಾರಗಳನ್ನು ಮೀರಿದ ‘ಹೆಚ್ಚಿನ ತಾಂತ್ರಿಕ ಪರಿಣಾಮ’ ಇದ್ದರೆ ಪ್ರೋಗ್ರಾಮಿಗೇ ಪೇಟೆಂಟ್ ಕೇಳಬಹುದು ಎಂದಿತು. ಹೀಗೆ ನಿಷೇಧದ ಪಟ್ಟಿಯಲ್ಲಿದ್ದ ಪದ ಕಾಗದದ ಮೇಲೆ ಹಾಗೆಯೇ ಉಳಿದು, ‘ತಾಂತ್ರಿಕ’ ಎಂಬ ಇನ್ನೊಂದು ಪದ ಅದರ ಮೇಲೆ ಯಜಮಾನಿಕೆ ನಡೆಸತೊಡಗಿತು.

ಸುಮ್ಮನಿರಲಾರದವ

ವಕೀಲರು ಪದ ಬದಲಿಸಿ ಶುಲ್ಕ ತೆಗೆದುಕೊಳ್ಳುವುದಕ್ಕೆ ಇಷ್ಟು ಉದ್ದದ ಇತಿಹಾಸ ಬೇಕಾಗಿತ್ತೇ?

ಮ್ಯೂನಿಕ್_ಕನ್ನಡಿಗ

ಬೇಕಾಗಿತ್ತು, ಏಕೆಂದರೆ ಆ ‘ತಾಂತ್ರಿಕ’ ಎಂಬ ಪದ 1973ರ 52ನೇ ವಿಧಿಯಲ್ಲಿ ಇರಲೇ ಇಲ್ಲ. ಆವಿಷ್ಕಾರ ಹೊಸದಾಗಿರಬೇಕು, ಅದರಲ್ಲಿ ಆವಿಷ್ಕಾರದ ಹೆಜ್ಜೆ (ಪರಿಣತನಿಗೆ ಸುಲಭವಾಗಿ ಹೊಳೆಯದ ಮುನ್ನಡೆ) ಇರಬೇಕು, ಉದ್ಯಮದಲ್ಲಿ ಬಳಸಲು ಬರಬೇಕು ಎಂದಷ್ಟೇ ಅಲ್ಲಿತ್ತು. ‘ತಂತ್ರಜ್ಞಾನದ ಎಲ್ಲ ಕ್ಷೇತ್ರಗಳಲ್ಲಿ’ ಎಂಬ ಮಾತು ವಿಧಿಯೊಳಗೆ ಬಂದದ್ದು 2000ನೇ ಇಸವಿಯ ಪರಿಷ್ಕರಣೆಯಲ್ಲಿ. ಅದು ಜಾರಿಯಾದದ್ದು 2007ರ ಡಿಸೆಂಬರ್‌ನಲ್ಲಿ. ಅದೇ 2000ದ ಸಮ್ಮೇಳನಕ್ಕೆ ‘ಕಂಪ್ಯೂಟರ್ ಪ್ರೋಗ್ರಾಮ್’ ಎಂಬುದನ್ನು ನಿಷೇಧದ ಪಟ್ಟಿಯಿಂದ ಅಳಿಸುವ ಪ್ರಸ್ತಾವವೂ ಬಂದಿತ್ತು, ಆದರೆ ದೇಶಗಳು ಅದನ್ನು ಒಪ್ಪಲಿಲ್ಲ.

ಇಲ್ಲಿನ ಜರ್ಮನ್ ವಕೀಲರಿಗೆ ಈ ಪದ ಹೊಸದಲ್ಲ. 1969ರಲ್ಲಿ ಜರ್ಮನಿಯ ಒಕ್ಕೂಟ ನ್ಯಾಯಾಲಯವು ‘ಕೆಂಪು ಪಾರಿವಾಳ’ ಎಂದೇ ಹೆಸರಾದ ತೀರ್ಪಿನಲ್ಲಿ, ನಿಯಂತ್ರಿಸಲು ಬರುವ ಪ್ರಕೃತಿಯ ಶಕ್ತಿಗಳನ್ನು ಯೋಜನಾಬದ್ಧವಾಗಿ ಬಳಸಿ, ಕಾರ್ಯಕಾರಣ ಸಂಬಂಧದಿಂದ ಕೂಡಿದ, ಗ್ರಹಿಸಬಲ್ಲ ಫಲವನ್ನು ಪಡೆಯುವುದೇ ತಾಂತ್ರಿಕ ಬೋಧೆ ಎಂಬ ಅರ್ಥದ ಸೂತ್ರವನ್ನು ಕೊಟ್ಟಿತ್ತು. ಪಾರಿವಾಳದ ತಳಿ ಬೆಳೆಸುವ ಕುರಿತ ಪ್ರಕರಣದಲ್ಲಿ ಬಂದ ಈ ಸೂತ್ರವನ್ನೇ 1976ರಲ್ಲಿ ಪ್ರೋಗ್ರಾಮೊಂದಕ್ಕೆ ಅನ್ವಯಿಸಿ, ಲೆಕ್ಕ ಹಾಕುವ ಮತ್ತು ಕೆಲಸ ಹೊಂದಿಸುವ ನಿಯಮಗಳು ಪ್ರಕೃತಿಯ ಶಕ್ತಿಗಳನ್ನಲ್ಲ, ಮನುಷ್ಯನ ಬುದ್ಧಿಯನ್ನು ಬಳಸುತ್ತವೆ ಎಂದು ಪೇಟೆಂಟ್ ನಿರಾಕರಿಸಲಾಯಿತು. ಜರ್ಮನ್ ಕಿವಿಗೆ ‘ಟೆಕ್ನಿಶ್’ ಎಂದರೆ ಈ ಇತಿಹಾಸವೆಲ್ಲ ಕೇಳಿಸುತ್ತದೆ. ಇಂಗ್ಲಿಷಿನವರಿಗೆ ‘ಟೆಕ್ನಿಕಲ್’ ಎಂದರೆ ಪರಿಣತರ ಸೂಕ್ಷ್ಮ ವಿಷಯ ಎಂಬ ಸಡಿಲ ಅರ್ಥವೂ ಇದೆ. ಎರಡು ದೇಶದವರು ಒಂದೇ ಮೇಜಿನ ಸುತ್ತ ಕುಳಿತು ಒಂದೇ ಪದಕ್ಕೆ ತಲೆಯಾಡಿಸಿದರೂ ಒಪ್ಪಿದ್ದು ಬೇರೆಬೇರೆ ಸಂಗತಿಗಳಿಗೆ ಆಗಿರಬಹುದು.

ಇನ್ನೊಂದು ವಿಚಿತ್ರವಿದೆ. ಒಪ್ಪಂದದ ಇಂಗ್ಲಿಷ್, ಫ್ರೆಂಚ್, ಜರ್ಮನ್ ಪಾಠಗಳು ಮೂರೂ ಸಮಾನ ಅಧಿಕೃತ. ಇಂಗ್ಲಿಷ್ ಪಾಠ ಅರ್ಜಿಯು ಅಂಥ ವಿಷಯಕ್ಕೆ ‘ಎಷ್ಟರ ಮಟ್ಟಿಗೆ ಸಂಬಂಧಿಸಿದೆಯೋ ಅಷ್ಟರ ಮಟ್ಟಿಗೆ’ ಎಂದರೆ, 1973ರ ಫ್ರೆಂಚ್ ಪಾಠ ಅರ್ಜಿಯು ಆ ಅಂಶಕ್ಕೆ ‘ಮಾತ್ರವೇ ಸಂಬಂಧಿಸಿದ್ದರೆ’ ಎಂಬ ಧ್ವನಿಯ ಹೆಚ್ಚಿನ ಮಿತಿಯೊಂದನ್ನು ಸೇರಿಸಿತ್ತು. ಫ್ರೆಂಚ್ ಪಾಠವನ್ನು ಹಿಡಿದು ವಾದಿಸುವವನು, ಪ್ರೋಗ್ರಾಮಿನ ಜೊತೆಗೆ ಒಂದು ಗುಂಡಿ, ಒಂದು ಪರದೆ ಸೇರಿಸಿದರೂ ನಿಷೇಧದಿಂದ ಪಾರಾದೆ ಎನ್ನಬಹುದಿತ್ತು.

ಕೋಡ್‌ಗಾರ

ಮೂಲ ಪ್ರಶ್ನೆಗೆ ಯಾರೂ ನೇರವಾಗಿ ಉತ್ತರಿಸಿಲ್ಲ, ನಾನು ಉತ್ತರಿಸುತ್ತೇನೆ. ಹೆಸರೇ ಕಾನೂನಾಗಿತ್ತು.

2002ರ ಫೆಬ್ರವರಿ 20ರಂದು ಐರೋಪ್ಯ ಆಯೋಗ ಮಂಡಿಸಿದ ಕರಡು ನಿರ್ದೇಶನದ (ಒಕ್ಕೂಟದ ದೇಶಗಳು ತಮ್ಮ ಕಾನೂನಿಗೆ ಅಳವಡಿಸಿಕೊಳ್ಳಬೇಕಾದ ನಿಯಮದ) ಶೀರ್ಷಿಕೆಯಲ್ಲೇ ‘ಕಂಪ್ಯೂಟರ್-ಅನುಷ್ಠಾನಿತ ಆವಿಷ್ಕಾರಗಳು’ ಎಂದಿದೆ. ವಸ್ತುವೊಂದು ಆವಿಷ್ಕಾರ ಹೌದೇ ಅಲ್ಲವೇ ಎಂಬುದೇ ವಿವಾದವಾಗಿರುವಾಗ, ಶೀರ್ಷಿಕೆಯು ಅದನ್ನು ಆವಿಷ್ಕಾರವೆಂದು ಮೊದಲೇ ಕರೆದುಬಿಟ್ಟಿದೆ. ಮುಂದೆ 3ನೇ ವಿಧಿಯು, ಕಂಪ್ಯೂಟರ್-ಅನುಷ್ಠಾನಿತ ಆವಿಷ್ಕಾರವನ್ನು ತಂತ್ರಜ್ಞಾನದ ಕ್ಷೇತ್ರಕ್ಕೆ ಸೇರಿದ್ದೆಂದು ಪರಿಗಣಿಸುವಂತೆ ಸದಸ್ಯ ದೇಶಗಳು ನೋಡಿಕೊಳ್ಳಬೇಕು ಎನ್ನುತ್ತದೆ. 2ನೇ ವಿಧಿಯು ‘ತಾಂತ್ರಿಕ ಕೊಡುಗೆ’ ಎಂದರೆ ತಾಂತ್ರಿಕ ಕ್ಷೇತ್ರದಲ್ಲಿ ಈವರೆಗಿನ ತಿಳಿವಳಿಕೆಗೆ ಸೇರಿಸಿದ, ಪರಿಣತನಿಗೆ ಸುಲಭವಾಗಿ ಹೊಳೆಯದ ಕೊಡುಗೆ ಎಂದು ವ್ಯಾಖ್ಯಾನಿಸುತ್ತದೆ. ಅಂದರೆ ತಾಂತ್ರಿಕ ಎಂದರೇನು ಎಂದು ಕೇಳಿದರೆ ತಾಂತ್ರಿಕವಾದದ್ದು ಎಂದೇ ಉತ್ತರ ಬರುತ್ತದೆ. ಪ್ರೋಗ್ರಾಮಿಗೆ ಪೇಟೆಂಟ್ ಕೊಡುತ್ತೇವೆ ಎಂಬ ವಾಕ್ಯ ಎಲ್ಲಿಯೂ ಇಲ್ಲ. ಕೊಡದಿರಲು ಬೇಕಾದ ಬಾಗಿಲೂ ಎಲ್ಲಿಯೂ ಇಲ್ಲ. ಇದನ್ನು ಪದಗಳ ಆಟವೆಂದು ಲಘುವಾಗಿ ತೆಗೆದುಕೊಳ್ಳುವವರು ಕರಡನ್ನು ಓದಿಲ್ಲ ಎಂದೇ ನನ್ನ ಭಾವನೆ.

ಅರ್ಜಿ_ಬರೆಯುವವಳು

ಕೋಡ್‌ಗಾರರೇ, ವ್ಯಾಖ್ಯಾನ ಸುತ್ತಿ ಬಳಸಿ ಅಲ್ಲಿಗೇ ಬರುತ್ತದೆ ಎಂಬುದನ್ನು ಒಪ್ಪುತ್ತೇನೆ, ಉದ್ದೇಶದ ಬಗ್ಗೆ ನೀವು ಹೇಳುವುದನ್ನು ಒಪ್ಪುವುದಿಲ್ಲ. ವಾಹನದ ಬ್ರೇಕನ್ನು ನಿಯಂತ್ರಿಸುವ ಪ್ರೋಗ್ರಾಮೂ ಪ್ರೋಗ್ರಾಮೇ, ಸಂಬಳದ ಲೆಕ್ಕ ಹಾಕುವ ಪ್ರೋಗ್ರಾಮೂ ಪ್ರೋಗ್ರಾಮೇ. ‘ಸಾಫ್ಟ್‌ವೇರ್ ಪೇಟೆಂಟ್’ ಎಂಬ ನಿಮ್ಮ ಮಾತು ಎರಡನ್ನೂ ಒಂದೇ ಚೀಲಕ್ಕೆ ತುಂಬುತ್ತದೆ. ಆ ಮಾತಿಗೂ ಯಾವ ಕಾನೂನಿನಲ್ಲಿಯೂ ವ್ಯಾಖ್ಯಾನವಿರಲಿಲ್ಲ. ಘೋಷಣೆಗೆ ಅನುಕೂಲವೆಂದು ವಿರೋಧಿಗಳು ಅದನ್ನು ಬಳಸಿದರು. ಬೇರೆಬೇರೆ ದೇಶಗಳ ನ್ಯಾಯಾಲಯಗಳು ಬೇರೆಬೇರೆ ತೀರ್ಪು ಕೊಡುತ್ತಿದ್ದುದರಿಂದ ಅವುಗಳಿಗೆ ಒಂದು ಸಮಾನ ನಿಯಮ ಕೊಡುವುದು ತನ್ನ ಗುರಿ ಎಂದು ಆಯೋಗ ಹೇಳಿತ್ತು. ಆ ಗುರಿಯಲ್ಲಿ ತಪ್ಪೇನಿದೆ?

ಕೋಡ್‌ಗಾರ

ಮೇಡಂ, ಬ್ರೇಕಿನ ಉದಾಹರಣೆಯನ್ನು ಮುಂದಿಟ್ಟು ಸಂಬಳದ ಲೆಕ್ಕಕ್ಕೂ ದಾರಿ ಮಾಡಿಕೊಡುವುದೇ ತಪ್ಪು. ಬ್ರೇಕಿಗೆ ಪೇಟೆಂಟ್ ಬೇಡವೆಂದು ಯಾರೂ ಹೇಳಿರಲಿಲ್ಲ. 2003ರ ಸೆಪ್ಟೆಂಬರ್ 24ರಂದು ಯುರೋಪಿನ ಸಂಸತ್ತು ಮೊದಲ ಓದಿನಲ್ಲಿ ಮಾಡಿದ ತಿದ್ದುಪಡಿಗಳನ್ನು ನೋಡಿ. ‘ತಂತ್ರಜ್ಞಾನದ ಕ್ಷೇತ್ರ’ ಎಂದರೆ, ನಿಯಂತ್ರಿಸಬಲ್ಲ ಪ್ರಕೃತಿಯ ಶಕ್ತಿಗಳನ್ನು ಬಳಸಿ ಮೊದಲೇ ಊಹಿಸಬಲ್ಲ ಫಲಿತಾಂಶ ಪಡೆಯಬೇಕಾದ ಔದ್ಯಮಿಕ ಕ್ಷೇತ್ರ ಎಂಬ ವ್ಯಾಖ್ಯಾನವನ್ನು ಸದಸ್ಯರು ಸೇರಿಸಿದರು. ಬ್ರೇಕು ಈ ವ್ಯಾಖ್ಯಾನದೊಳಗೆ ಬರುತ್ತದೆ, ಸಂಬಳದ ಲೆಕ್ಕ ಬರುವುದಿಲ್ಲ. ಸದಸ್ಯ ದೇಶಗಳ ಮಂತ್ರಿಗಳು ಕೂರುವ ಒಕ್ಕೂಟದ ಮಂಡಳಿ ಮಾತ್ರ ಆ ವ್ಯಾಖ್ಯಾನವನ್ನು ಕಿತ್ತುಹಾಕಿ ಹಳೆಯದನ್ನೇ ಹೋಲುವ ಪಠ್ಯವನ್ನು ತಂದಿತು.

ಮ್ಯೂನಿಕ್_ಕನ್ನಡಿಗ

ಕೆಂಪು ಪಾರಿವಾಳ ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಸಂಸತ್ತಿನವರೆಗೆ ಹಾರಿಹೋದದ್ದು ಹೀಗೆ!

ಧಾರವಾಡದ_ಮೇಷ್ಟ್ರು

ಒಂದು ತಿದ್ದುಪಡಿಯನ್ನು ನಾನೂ ಮಾಡಬೇಕಾಗಿದೆ. ಮೇಲಿನ ಬರಹಗಳನ್ನು ಓದಿದವರಿಗೆ ಪೇಟೆಂಟ್ ಕಚೇರಿಯು ಐರೋಪ್ಯ ಒಕ್ಕೂಟದ ಇಲಾಖೆ ಎಂಬ ಭಾವನೆ ಬರಬಹುದು. ಅದು ಒಕ್ಕೂಟದ ಸಂಸ್ಥೆಯೇ ಅಲ್ಲ. ಅದಕ್ಕೆ ಪ್ರತ್ಯೇಕ ಒಪ್ಪಂದವಿದೆ. ಒಕ್ಕೂಟದ ಹೊರಗಿರುವ ಸ್ವಿಟ್ಜರ್ಲೆಂಡ್, ಟರ್ಕಿ ಕೂಡ ಅದರ ಸದಸ್ಯ ದೇಶಗಳು. ಆದ್ದರಿಂದಲೇ ಒಕ್ಕೂಟದ ಸಂಸತ್ತು ಹೇಳಿದ್ದು ಆ ಕಚೇರಿಯನ್ನು ನೇರವಾಗಿ ಕಟ್ಟಿಹಾಕುವುದಿಲ್ಲ.

ಇನ್ನು ಭಾಷೆಯ ವಿಷಯ. ಒಕ್ಕೂಟದಲ್ಲಿ ಈಗ 24 ಅಧಿಕೃತ ಭಾಷೆಗಳಿವೆ. ಈ ನಿರ್ದೇಶನ ಮತಕ್ಕೆ ಬಂದ 2005ರಲ್ಲಿ 20 ಇದ್ದವು. ಯಾವ ಭಾಷೆಯ ಪಾಠವೂ ಇನ್ನೊಂದರ ಅನುವಾದವೆಂದು ಕಾನೂನಿನ ದೃಷ್ಟಿಯಲ್ಲಿ ಎಣಿಕೆಯಾಗುವುದಿಲ್ಲ, ಎಲ್ಲವೂ ಮೂಲವೇ. ಈ ತತ್ತ್ವ ಎಷ್ಟು ಗಂಭೀರವಾದುದೆಂದು ತಿಳಿಯಲು ಉಲ್ಮ್ ನಗರದ ಬೆಣ್ಣೆ ಪ್ರಕರಣವನ್ನು ಓದಬೇಕು. 1969ರಲ್ಲಿ, ಸರ್ಕಾರದ ನೆರವು ಪಡೆಯುವವರಿಗೆ ಅಗ್ಗದ ದರದಲ್ಲಿ ಬೆಣ್ಣೆ ಕೊಡುವ ಯೋಜನೆಯೊಂದಿತ್ತು. ಅದರ ಜರ್ಮನ್ ಮತ್ತು ಡಚ್ ಪಾಠಗಳ ಪ್ರಕಾರ ಫಲಾನುಭವಿಯ ಹೆಸರಿರುವ ಚೀಟಿಯನ್ನು ಅಂಗಡಿಯಲ್ಲಿ ಕೊಡಬೇಕಾಗಿತ್ತು. ಉಳಿದ ಭಾಷೆಗಳ ಪಾಠಗಳಲ್ಲಿ ಚೀಟಿಯು ವ್ಯಕ್ತಿಗೆ ಸಂಬಂಧಿಸಿರಬೇಕು ಎಂದಷ್ಟೇ ಇತ್ತು. ಹೆಸರು ಬಹಿರಂಗಪಡಿಸುವುದು ಅವಮಾನವೆಂದು ಫಲಾನುಭವಿಯೊಬ್ಬರು ನ್ಯಾಯಾಲಯಕ್ಕೆ ಹೋದರು. ಎಲ್ಲ ಭಾಷೆಗಳ ಪಾಠಗಳನ್ನೂ ಒಟ್ಟಿಗೆ ಇಟ್ಟು ನೋಡಬೇಕು, ಉದ್ದೇಶ ಈಡೇರುವುದಾದರೆ ಕಡಿಮೆ ಹೊರೆಯ ಅರ್ಥವನ್ನೇ ಆರಿಸಬೇಕು ಎಂದು ಲಕ್ಸೆಂಬರ್ಗಿನಲ್ಲಿರುವ ಯುರೋಪಿಯನ್ ನ್ಯಾಯಾಲಯ ಹೇಳಿತು. ಮೂಲಭೂತ ಹಕ್ಕುಗಳು ಯುರೋಪಿಯನ್ ಸಮುದಾಯದ (ಒಕ್ಕೂಟದ ಅಂದಿನ ರೂಪ) ಕಾನೂನಿನ ಭಾಗವೆಂದು ಆ ನ್ಯಾಯಾಲಯ ಮೊದಲ ಬಾರಿಗೆ ಒಪ್ಪಿಕೊಂಡದ್ದೂ ಇದೇ ತೀರ್ಪಿನಲ್ಲಿ.

1982ರ ಸಿಲ್ಫಿಟ್ ತೀರ್ಪು ಇದನ್ನು ಮುಂದುವರಿಸಿ, ಸಮುದಾಯದ ಕಾನೂನಿಗೆ ತನ್ನದೇ ಪರಿಭಾಷೆ ಇದೆ, ಒಂದು ದೇಶದ ಕಾನೂನಿನಲ್ಲಿ ಒಂದು ಪದಕ್ಕಿರುವ ಅರ್ಥವೇ ಇಲ್ಲಿಯೂ ಇರಬೇಕಾಗಿಲ್ಲ ಎಂದಿತು. ನಮ್ಮ ಪೇಟೆಂಟ್ ನಿರ್ದೇಶನ ಅಂಗೀಕಾರವಾಗಿದ್ದರೆ ‘ತಾಂತ್ರಿಕ’ ಎಂಬ ಪದವೂ ಈ ಪರೀಕ್ಷೆಗೆ ಒಳಗಾಗುತ್ತಿತ್ತು; ಜರ್ಮನ್ ಇತಿಹಾಸವೊಂದರ ಆಧಾರದ ಮೇಲೆ ಅದನ್ನು ಅರ್ಥೈಸುವಂತಿರಲಿಲ್ಲ.

ಸುಮ್ಮನಿರಲಾರದವ

ಪೇಟೆಂಟಿನಿಂದ ಬೆಣ್ಣೆಗೆ ಬಂದೆವು. ಮೇಷ್ಟ್ರೇ, ಮುಂದೆ ಮೊಸರೇ?

ಧಾರವಾಡದ_ಮೇಷ್ಟ್ರು

ಮುಂದೆ ಮೀನು. ತಮಾಷೆ ಮಾಡುತ್ತಿಲ್ಲ. 2004ರ ಡಿಸೆಂಬರ್ 21ರಂದು ಈ ಕರಡನ್ನು ಚರ್ಚೆಯಿಲ್ಲದೆ ಅಂಗೀಕರಿಸಲು ಕೃಷಿ ಮತ್ತು ಮೀನುಗಾರಿಕೆ ಮಂತ್ರಿಗಳ ಸಭೆಯ ಕಾರ್ಯಸೂಚಿಗೆ ಸೇರಿಸಿದ್ದರು. ಮಂಡಳಿಯಲ್ಲಿ ಮೊದಲೇ ಒಪ್ಪಿದ ವಿಷಯಗಳನ್ನು ಯಾವ ಮಂತ್ರಿಗಳ ಸಭೆಯಾದರೂ ಮುದ್ರೆ ಒತ್ತಿ ಕಳುಹಿಸಬಹುದು. ಪೋಲೆಂಡಿನ ಪ್ರತಿನಿಧಿ ಅದನ್ನು ತೆಗೆಸಿದರು. ಕೊನೆಗೆ 2005ರ ಮಾರ್ಚ್ 7ರಂದು ಇನ್ನೊಂದು ಸಭೆಯಲ್ಲಿ, ಡೆನ್ಮಾರ್ಕ್, ಪೋಲೆಂಡ್, ಪೋರ್ಚುಗಲ್ ಚರ್ಚೆ ಬೇಕೆಂದು ಕೇಳಿದರೂ, ಅದು ಚರ್ಚೆಯಿಲ್ಲದ ವಿಷಯವಾಗಿಯೇ ಅಂಗೀಕಾರವಾಯಿತು.

ಸ್ಟ್ರಾಸ್‌ಬರ್ಗ್‌ನಲ್ಲಿ ಎರಡನೇ ಓದಿನಲ್ಲಿ ಕರಡಿನ ಬಗ್ಗೆ ಸಂಸತ್ತಿಗೆ ವರದಿ ಮಂಡಿಸುವ ಹೊಣೆ ಹೊತ್ತಿದ್ದವರು ಫ್ರಾನ್ಸಿನ ಮಾಜಿ ಪ್ರಧಾನಿ ಮಿಶೆಲ್ ರೊಕಾರ್. ಪ್ರಕೃತಿಯ ಶಕ್ತಿಗಳ ವ್ಯಾಖ್ಯಾನವನ್ನು ಮತ್ತೆ ತರಲು ಅವರು ಪಟ್ಟುಹಿಡಿದರು. 2005ರ ಜುಲೈ 6ರಂದು ಸಂಸತ್ತು ನಿರ್ದೇಶನವನ್ನೇ 14ರ ವಿರುದ್ಧ 648 ಮತಗಳಿಂದ ತಿರಸ್ಕರಿಸಿತು. 18 ಮಂದಿ ತಟಸ್ಥರಾಗಿದ್ದರು.

ಕೋಡ್‌ಗಾರ

ಆ 648ನ್ನು ನಮ್ಮ ಗೆಲುವೆಂದು ಈಗಲೂ ಹೇಳುತ್ತೇವೆ.

ಅರ್ಜಿ_ಬರೆಯುವವಳು

ಹೇಳುತ್ತೀರಿ, ಆದರೆ ಸಂಖ್ಯೆಯನ್ನು ಬಿಡಿಸಿ ನೋಡಿ. ಇಷ್ಟು ದೊಡ್ಡ ಬಹುಮತ ಬರಬೇಕಾದರೆ ನಿಮ್ಮ ಪಕ್ಷದವರ ಜೊತೆಗೆ ಎದುರಾಳಿ ಪಕ್ಷದವರೂ ‘ಬೇಡ’ ಎಂದಿರಬೇಕಲ್ಲವೇ? ಪ್ರಕೃತಿಯ ಶಕ್ತಿಗಳ ವ್ಯಾಖ್ಯಾನ ಕಾನೂನಾಗಿಬಿಡುವ ಅಪಾಯಕ್ಕಿಂತ ನಿರ್ದೇಶನವೇ ಇಲ್ಲದಿರುವುದು ಲೇಸು ಎಂದು ದೊಡ್ಡ ಕಂಪನಿಗಳ ಪರವಾಗಿದ್ದವರೂ ಲೆಕ್ಕ ಹಾಕಿದರು. ನಿರ್ದೇಶನ ಸತ್ತಿತು, 52ನೇ ವಿಧಿ ಹಾಗೆಯೇ ಉಳಿಯಿತು, ಕಚೇರಿಯ ತೀರ್ಪುಗಳು ಮುಂದುವರಿದವು. ನಿಮ್ಮ ಶತ್ರುವಾಗಿದ್ದ ‘ಕಂಪ್ಯೂಟರ್-ಅನುಷ್ಠಾನಿತ ಆವಿಷ್ಕಾರ’ ಎಂಬ ಪದ ಕೂಡ ಸಾಯಲಿಲ್ಲ; ಇಂದು ಕಚೇರಿಯ ಮಾರ್ಗದರ್ಶಿ ಸೂತ್ರಗಳಲ್ಲಿ ಅದೇ ರೂಢಿಯ ಮಾತು.

ಮ್ಯೂನಿಕ್_ಕನ್ನಡಿಗ

ಮೇಡಂ ಹೇಳಿದ್ದಕ್ಕೆ ಒಂದು ಸೇರ್ಪಡೆ. ನಿರ್ದೇಶನ ಬೀಳುವ ಮೊದಲೇ, 2004ರ ಏಪ್ರಿಲ್‌ನಲ್ಲಿ ಹರಾಜು ವಿಧಾನವೊಂದರ ಬಗ್ಗೆ ಕಚೇರಿಯ ಮೇಲ್ಮನವಿ ಮಂಡಳಿಯ ಹಿಟಾಚಿ ತೀರ್ಪು ಬಂದಿತ್ತು. ಯಾವುದಾದರೂ ತಾಂತ್ರಿಕ ಸಾಧನ ಬಳಕೆಯಾದರೆ ಸಾಕು, ವಿಷಯ ‘ಆವಿಷ್ಕಾರ’ ಆಗುತ್ತದೆ ಎಂದು ಅದು ಹೇಳಿತು. ಪೆನ್ನು ಕಾಗದ ಹಿಡಿದು ಬರೆಯುವುದರಲ್ಲಿಯೂ ತಾಂತ್ರಿಕತೆ ಇದೆ, ರೂಢಿಯಾದ್ದರಿಂದ ನಮಗೆ ಕಾಣುವುದಿಲ್ಲ ಎಂಬ ಮಾತನ್ನೂ ಆಡಿತು. ಹಾಗಾದರೆ ಪಟ್ಟಿಯಲ್ಲಿರುವ ನಿಷೇಧಕ್ಕೆ ಅರ್ಥವೇನು ಎಂದು ಕೇಳುವವರಿಗೆ ಉತ್ತರ 2002ರ ಕಾಮ್‌ವಿಕ್ ತೀರ್ಪಿನಲ್ಲಿದೆ: ಮೊದಲ ಬಾಗಿಲು ಅಗಲವಾಗಿ ತೆರೆದಿರುತ್ತದೆ, ಆದರೆ ಆವಿಷ್ಕಾರದ ಹೆಜ್ಜೆಯನ್ನು ಅಳೆಯುವಾಗ ತಾಂತ್ರಿಕತೆಗೆ ಕೊಡುಗೆ ನೀಡುವ ಅಂಶಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತಾರೆ. ಹಿಟಾಚಿಯ ಹರಾಜು ವಿಧಾನಕ್ಕೆ ಕೊನೆಗೆ ಪೇಟೆಂಟ್ ಸಿಗದೇ ಹೋದದ್ದು ಇದೇ ಕಾರಣಕ್ಕೆ. ವಿವಾದಿತ ಪದ ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ಸ್ಥಳ ಬದಲಿಸಿತು, ಅಷ್ಟೇ.

2010ರಲ್ಲಿ ಕಚೇರಿಯ ಅತ್ಯುನ್ನತ ಮಂಡಳಿಯು ಅಧ್ಯಕ್ಷರು ಕೇಳಿದ ಪ್ರಶ್ನೆಗಳನ್ನು ವಿಚಾರಣೆಗೆ ಅರ್ಹವಲ್ಲವೆಂದು ಬದಿಗಿರಿಸುವಾಗ, ‘ತಾಂತ್ರಿಕ’ ಎಂಬುದನ್ನು ವ್ಯಾಖ್ಯಾನಿಸುವ ಪ್ರಯತ್ನ ಮಾಡುವುದಿಲ್ಲ ಎಂದು ಸ್ಪಷ್ಟವಾಗಿ ಬರೆಯಿತು. 2021ರ ಮಾರ್ಚ್‌ನಲ್ಲಿ, ಕಟ್ಟಡದೊಳಗೆ ಜನರ ಓಡಾಟವನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ಪ್ರಕರಣದಲ್ಲಿಯೂ ಅದೇ ನಿಲುವು. ವ್ಯಾಖ್ಯಾನ ಕೊಟ್ಟರೆ ನಾಳೆ ಬರುವ ತಂತ್ರಜ್ಞಾನ ಅದರ ಹೊರಗುಳಿಯಬಹುದು ಎಂಬ ಸಮರ್ಥನೆ ಕೇಳಿಬರುತ್ತದೆ. ವ್ಯಾಖ್ಯಾನವಿಲ್ಲದ ಪದ ಯಾರ ಕೈಯಲ್ಲಿದೆಯೋ ಅಧಿಕಾರವೂ ಅವರ ಕೈಯಲ್ಲೇ ಉಳಿಯುತ್ತದೆ ಎಂಬುದನ್ನೂ ಮರೆಯಬಾರದು.

ಹಳೆ_ದಾಖಲೆ

ಬೆಂಗಳೂರಿನವರಿಗೆ ಈ ಚರ್ಚೆ ದೂರದ್ದಲ್ಲ. ನಮ್ಮ ಪೇಟೆಂಟ್ ಕಾಯ್ದೆಗೆ 2002ರಲ್ಲಿ ತಿದ್ದುಪಡಿಯಾದಾಗ, 3ನೇ ಸೆಕ್ಷನ್ನಿನ ‘ಕೆ’ ಉಪಭಾಗದಲ್ಲಿ ಗಣಿತದ ಅಥವಾ ವ್ಯಾಪಾರದ ವಿಧಾನ, ‘ಪರ್ ಸೆ’ (ತನ್ನಷ್ಟಕ್ಕೆ) ಕಂಪ್ಯೂಟರ್ ಪ್ರೋಗ್ರಾಮ್ ಮತ್ತು ಅಲ್ಗಾರಿದಮ್ ಇವು ಆವಿಷ್ಕಾರಗಳಲ್ಲ ಎಂದು ಸೇರಿಸಿದರು. ಆ ಲ್ಯಾಟಿನ್ ಮಾತು ಏಕೆ ಬೇಕು ಎಂಬುದನ್ನು ಸಂಸತ್ತಿನ ಜಂಟಿ ಸಮಿತಿ ವಿವರಿಸುವಾಗ, ಯುರೋಪಿನವರ ‘ಆಸ್ ಸಚ್’ ಎಂಬ ಇಂಗ್ಲಿಷ್ ಮಾತನ್ನೇ ಬಳಸಿತು. ಗೊಂದಲವನ್ನೂ ಆಮದು ಮಾಡಿಕೊಂಡೆವು.

2004ರ ಡಿಸೆಂಬರ್ ಕೊನೆಯಲ್ಲಿ ಬಂದ ಸುಗ್ರೀವಾಜ್ಞೆಯು, ಉದ್ಯಮದಲ್ಲಿ ಪ್ರೋಗ್ರಾಮಿನ ‘ತಾಂತ್ರಿಕ ಅನ್ವಯ’ ಮತ್ತು ಯಂತ್ರಾಂಶದೊಡನೆ ಅದರ ಜೋಡಣೆ ಈ ಎರಡನ್ನು ನಿಷೇಧದಿಂದ ಹೊರಗಿಟ್ಟಿತ್ತು. 2005ರಲ್ಲಿ ಅದು ಕಾಯ್ದೆಯಾಗಿ ಬಂದಾಗ ಸಂಸತ್ತು ಆ ಬದಲಾವಣೆಯನ್ನು ಕೈಬಿಟ್ಟಿತು. ಸ್ಟ್ರಾಸ್‌ಬರ್ಗ್‌ನಲ್ಲಿ ನಿರ್ದೇಶನ ಬಿದ್ದದ್ದೂ ಅದೇ ವರ್ಷ ಎಂಬುದು ಗಮನಿಸಬೇಕಾದ ಸಂಗತಿ. ಮುಂದೆ ಭಾರತದ ಪೇಟೆಂಟ್ ಕಚೇರಿಯ 2016ರ ಮಾರ್ಗಸೂಚಿ ಹೊಸ ಯಂತ್ರಾಂಶ ಇರಲೇಬೇಕು ಎಂದಿತು, 2017ರಲ್ಲಿ ಆ ಷರತ್ತು ಹೋಯಿತು, 2019ರಲ್ಲಿ ದೆಹಲಿ ಹೈಕೋರ್ಟು ‘ತಾಂತ್ರಿಕ ಪರಿಣಾಮ’ ಅಥವಾ ‘ತಾಂತ್ರಿಕ ಕೊಡುಗೆ’ ಇದ್ದರೆ ಪ್ರೋಗ್ರಾಮ್ ಆಧಾರಿತ ಆವಿಷ್ಕಾರಕ್ಕೂ ಪೇಟೆಂಟ್ ಸಿಗಬಹುದು ಎಂದಿತು. ನಮ್ಮ ಸಂಸತ್ತು ಬರೆಯದ ಪದಗಳು ಮ್ಯೂನಿಕ್‌ನಿಂದ ಬಂದು ನಮ್ಮ ತೀರ್ಪುಗಳಲ್ಲಿ ಕುಳಿತಿವೆ.

ಬಸವನಗುಡಿ_ಓದುಗ

ಎಲ್ಲರಿಗೂ ಧನ್ಯವಾದಗಳು. ಒಂದು ಉಪಪ್ರಶ್ನೆ ಇದೆ. ಪ್ರೋಗ್ರಾಮಿಗೆ ಹಕ್ಕುಸ್ವಾಮ್ಯ ಹೇಗಿದ್ದರೂ ಇದೆಯಲ್ಲ? ಅಲ್ಲಿ ಅದನ್ನು ಏನೆಂದು ಕರೆಯುತ್ತಾರೆ?

ಧಾರವಾಡದ_ಮೇಷ್ಟ್ರು

ಸಾಹಿತ್ಯ ಕೃತಿ ಎಂದು. ಯುರೋಪಿನಲ್ಲಿ 1991ರ ನಿರ್ದೇಶನದಿಂದ, ನಮ್ಮಲ್ಲಿ ಹಕ್ಕುಸ್ವಾಮ್ಯ ಕಾಯ್ದೆಯ ವ್ಯಾಖ್ಯಾನದಿಂದ, ಕಂಪ್ಯೂಟರ್ ಪ್ರೋಗ್ರಾಮ್ ಕಾದಂಬರಿ ಕವನಗಳ ಸಾಲಿನಲ್ಲಿದೆ. ವಿಮರ್ಶಕರು ಇನ್ನೂ ಗಮನಿಸಿಲ್ಲ.

ಕೋಡ್‌ಗಾರ

ಅಲ್ಲಿಯೇ ನಮ್ಮ ವಾದದ ಬೇರು ಇದೆ. ಹಕ್ಕುಸ್ವಾಮ್ಯ ನಾನು ಬರೆದದ್ದನ್ನು ನಕಲು ಮಾಡದಂತೆ ತಡೆಯುತ್ತದೆ, ಬೇರೊಬ್ಬರು ಅದೇ ಕೆಲಸ ಮಾಡುವ ಪ್ರೋಗ್ರಾಮನ್ನು ತಾವೇ ಬರೆಯುವುದನ್ನು ತಡೆಯುವುದಿಲ್ಲ. 1991ರ ನಿರ್ದೇಶನವು, ಬೇರೆ ಪ್ರೋಗ್ರಾಮಿನೊಡನೆ ಹೊಂದಿಕೆಯಾಗುವುದಕ್ಕೆ ಅಗತ್ಯವಿದ್ದರೆ ಕೋಡನ್ನು ಬಿಡಿಸಿ ನೋಡುವ ಹಕ್ಕನ್ನೂ ಕೊಟ್ಟಿತ್ತು. ಪೇಟೆಂಟ್ ಬಂದರೆ ಆ ಹಕ್ಕು ಕಾಗದದ ಮೇಲಷ್ಟೇ ಉಳಿಯುತ್ತದೆ ಎಂಬುದು ನಮ್ಮ ಭಯ.

ಅರ್ಜಿ_ಬರೆಯುವವಳು

ಆ ಭಯಕ್ಕೆ ಕಾನೂನಿನಲ್ಲೇ ಒಂದು ಉತ್ತರ ಬಂದಿದೆ. ಒಕ್ಕೂಟದ ಹಲವು ದೇಶಗಳಿಗೆ ಸಾಮಾನ್ಯವಾದ ಏಕೀಕೃತ ಪೇಟೆಂಟ್ ನ್ಯಾಯಾಲಯ 2023ರ ಜೂನ್ 1ರಂದು ಕೆಲಸ ಆರಂಭಿಸಿತು. ಅದರ ಒಪ್ಪಂದದ 27ನೇ ವಿಧಿಯು ಪೇಟೆಂಟಿನ ಹಿಡಿತಕ್ಕೆ ಸಿಗದ ಕೆಲಸಗಳನ್ನು ಪಟ್ಟಿ ಮಾಡುವಾಗ, ಪ್ರೋಗ್ರಾಮ್‌ಗಳ ಹಕ್ಕುಸ್ವಾಮ್ಯ ನಿರ್ದೇಶನ ಅನುಮತಿಸಿದ ಕೋಡು ಬಿಡಿಸುವ ಕೆಲಸವನ್ನೂ, ಅದರಿಂದ ಸಿಕ್ಕ ಮಾಹಿತಿಯ ಬಳಕೆಯನ್ನೂ ಸೇರಿಸಿದೆ.

ಕೋಡ್‌ಗಾರ

ಮೇಡಂ, ಅದೇ ವಿಧಿಯನ್ನು ನಾನು ನಿಮ್ಮ ವಿರುದ್ಧ ಬಳಸುತ್ತೇನೆ. ‘ತನ್ನಷ್ಟಕ್ಕೆ’ ಪ್ರೋಗ್ರಾಮಿಗೆ ಪೇಟೆಂಟೇ ಇಲ್ಲ ಎಂದಾದರೆ, ಪ್ರೋಗ್ರಾಮನ್ನು ಬಿಡಿಸಿ ನೋಡುವುದು ಪೇಟೆಂಟ್ ಉಲ್ಲಂಘನೆಯಲ್ಲ ಎಂಬ ವಿನಾಯಿತಿಯನ್ನು ಆ ಒಪ್ಪಂದ ಬರೆದವರು ಯಾರಿಗಾಗಿ ಬರೆದರು?

ಅರ್ಜಿ_ಬರೆಯುವವಳು

ಬ್ರೇಕಿನ ಪ್ರೋಗ್ರಾಮಿಗಾಗಿ.

ಕೋಡ್‌ಗಾರ

ಹಾಗೆಂದು ಆ ವಿಧಿಯಲ್ಲಿ ಬರೆದಿದೆಯೇ?

ಅರ್ಜಿ_ಬರೆಯುವವಳು

ಬರೆದಿಲ್ಲ. ಸಂಬಳದ ಲೆಕ್ಕಕ್ಕಾಗಿ ಎಂದೂ ಬರೆದಿಲ್ಲ.